ಟೆಕ್ಸಾಸ್‌ನ ಆರ್‌ವಿ ಪಾರ್ಕಿನಲ್ಲಿ ಚಳಿಗಾಲ: ಯಾವುದು ಸೇವೆ, ಯಾವುದು ಚಾಕರಿ?

ಪ್ರಶ್ನೆ: ನನಗೆ 67, ನನ್ನಾಕೆಗೆ 63. ಮಿಷಿಗನ್‌ನ ಕಾರು ಉದ್ಯಮದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿದ್ದೇನೆ. ಇಬ್ಬರೂ ಅಮೆರಿಕದ ಪ್ರಜೆಗಳು. ಹೋದ ವರ್ಷ ಟ್ರಕ್ಕಿಗೆ ಕೊಕ್ಕೆ ಹಾಕಿ ಎಳೆಯುವ ಚಕ್ರದ ಮನೆ, ಅದೇ ಒಂದು ಫಿಫ್ತ್ ವೀಲ್ ಟ್ರೇಲರ್ ಕೊಂಡು, ಜನವರಿಯಲ್ಲಿ ಒಂದು ತಿಂಗಳು ಟೆಕ್ಸಾಸ್‌ನ ಮಿಷನ್ ಊರಿನ ಹತ್ತಿರ, 55 ದಾಟಿದವರಿಗೆಂದೇ ಇರುವ, ಇಂಥ ಚಕ್ರದ ಮನೆಗಳನ್ನು ನಿಲ್ಲಿಸಿ ವಾಸಿಸುವ ಒಂದು ಆರ್‌ವಿ ಪಾರ್ಕಿನಲ್ಲಿದ್ದು ಬಂದೆವು. ಹಿಮ ಬಾಚುವ ಕೆಲಸ ತಪ್ಪಿದ್ದೇ ದೊಡ್ಡ ಸುಖ. ಆದರೆ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಒಬ್ಬರು ಅಡುಗೆಮನೆ ಸಮಿತಿಗೆ ಬನ್ನಿ ಎಂದರು, ಇನ್ನೊಬ್ಬರು ಹಾಲ್‌ನಲ್ಲಿ ಕುರ್ಚಿ ಜೋಡಿಸಲು ಕರೆದರು. ಹೊರಡುವ ದಿನ ಮ್ಯಾನೇಜರ್, "ಮುಂದಿನ ವರ್ಷ ಆರು ತಿಂಗಳಿಗೆ ಬನ್ನಿ. ನೀವಿಬ್ಬರೂ ವಾರಕ್ಕೆ ತಲಾ 20 ಗಂಟೆ ಆಫೀಸು, ಹಾಲ್ ನೋಡಿಕೊಳ್ಳುವ ವಾಲಂಟಿಯರ್ ಆದರೆ ತಿಂಗಳ 600 ಡಾಲರ್ ಬಾಡಿಗೆ ಬೇಡ" ಎಂದರು. ಮಗಳು ಇದು ಬಿಟ್ಟಿ ಚಾಕರಿ ಎನ್ನುತ್ತಾಳೆ. ಗೆಳೆಯರು, "ಅಲ್ಲಿ ನಮ್ಮವರು ಯಾರೂ ಇಲ್ಲ, ನೀವು ಸಸ್ಯಾಹಾರಿಗಳು ಬೇರೆ, ಒಂಟಿಯಾಗಿಬಿಡ್ತೀರಿ" ಎನ್ನುತ್ತಾರೆ. ನಡುವೆ ಕಾಯಿಲೆ ಬಿದ್ದರೆ ಏನು ಗತಿ ಎಂಬ ಚಿಂತೆಯೂ ಇದೆ. ಡಿಸೆಂಬರ್‌ನಲ್ಲಿ ನನ್ನಾಕೆಯ ಅಕ್ಕ ಮೈಸೂರಿನಿಂದ ವಿಸಿಟರ್ ವೀಸಾ ಮೇಲೆ ಬರುತ್ತಿದ್ದಾರೆ. ಅವರೂ ನಮ್ಮೊಡನಿದ್ದು ಕೈಜೋಡಿಸಬಹುದೇ? ಸಂಕ್ರಾಂತಿಗೆ ಪಾರ್ಕಿನಲ್ಲಿ ಎಳ್ಳು ಬೀರಬಹುದೇ ಎಂದು ಕೇಳಿ ಎಂದಿದ್ದಾಳೆ ನನ್ನಾಕೆ.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ, ಒಳಗಿನ ಅಳುಕು ಮಾತ್ರ ಒಂದೇ. ಆ ಊರಿಗೆ ನೀವು ನೆರೆಯವರಾಗುತ್ತೀರೋ, ಆಳುಗಳಾಗುತ್ತೀರೋ? ಮೆಕ್ಸಿಕೋ ಗಡಿಯಂಚಿನ ಮಿಷನ್, ಮೆಕಾಲನ್, ವೆಸ್ಲಾಕೊ, ಹಾರ್ಲಿಂಜನ್ ಊರುಗಳ ಸಾಲನ್ನು ಅಲ್ಲಿನವರು ರಿಯೋ ಗ್ರ್ಯಾಂಡ್ ವ್ಯಾಲಿ ಎನ್ನುತ್ತಾರೆ. ಆ ಸಾಲಿನಲ್ಲಿ ನಾನು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ಹಲವು ಚಳಿಗಾಲ ಕೆಲಸ ಮಾಡಿದ್ದೇನೆ. ಹಿರಿಯ ರೋಗಿಗಳನ್ನು ಮನೆಗೆ ಕಳಿಸುವ ಮುನ್ನ "ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳುವುದು ನನ್ನ ಕೆಲಸವಾಗಿತ್ತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಹಳ ಸಲ ಸಿಗುತ್ತಿದ್ದ ಉತ್ತರ ಇದು: "ಮಕ್ಕಳು ಮಿನ್ನೆಸೋಟದಲ್ಲಿದ್ದಾರೆ. ಪಕ್ಕದ ಲಾಟ್‌ನವರು ಬರ್ತಾರೆ." ಲಾಟ್ ಎಂದರೆ ಪಾರ್ಕಿನಲ್ಲಿ ಒಂದು ಗಾಡಿ ನಿಲ್ಲುವ ಜಾಗ. ಆ ನೆರೆಯವರು ಬರುತ್ತಲೂ ಇದ್ದರು, ಕೈಯಲ್ಲೊಂದು ಸೂಪಿನ ಡಬ್ಬಿ ಹಿಡಿದು. ಅವರಿಗೂ ರೋಗಿಗೂ ಪರಿಚಯ ಆಗಿದ್ದು ಎಲ್ಲಿ ಎಂದು ಕೇಳಿದರೆ ಕುರ್ಚಿ ಜೋಡಿಸುವಾಗ, ಇಲ್ಲವೇ ಶನಿವಾರದ ಪ್ಯಾನ್‌ಕೇಕ್ ತಿರುವಿಹಾಕುವಾಗ. ಹಾಗಾಗಿ ಕುರ್ಚಿ ಜೋಡಿಸಲು ಕರೆದವರ ಮೇಲೆ ಅನುಮಾನ ಬೇಡ. ನೋಡಬೇಕಾದ್ದು ಮ್ಯಾನೇಜರ್ ಹೇಳಿದ ಮಾತನ್ನು.

ಒಂದು ಪಾರ್ಕ್ ನಡೆಯುವುದು ಹೇಗೆಂದು ಮೊದಲು ಹೇಳುತ್ತೇನೆ. ಮಾಲೀಕರು ಕೊಡುವುದು ನೆಲ, ನೀರು, ಕರೆಂಟು, ಒಳಚರಂಡಿಯ ಜೋಡಣೆ, ಒಂದು ದೊಡ್ಡ ಹಾಲ್, ಕೆಲವೆಡೆ ಈಜುಕೊಳ. ಉಳಿದದ್ದೆಲ್ಲ ನಿವಾಸಿಗಳದೇ ಕೈಕೆಲಸ. ಬೆಳಗಿನ ಕಾಫಿಯ ಜೊತೆ ದಿನದ ಪ್ರಕಟಣೆ ಓದುವವರು, ಶಫಲ್‌ಬೋರ್ಡ್ ಪಂದ್ಯದ ಪಟ್ಟಿ ಬರೆಯುವವರು, ಕೌದಿ ಹೊಲಿಯುವ ಕೋಣೆಯ ಬೀಗದ ಕೈ ಇಟ್ಟುಕೊಂಡವರು, ಮರಗೆಲಸದ ಶೆಡ್ಡಿನಲ್ಲಿ ಹೊಸಬರಿಗೆ ಗರಗಸ ಹಿಡಿಯಲು ಕಲಿಸುವವರು, ಗುರುವಾರ ಗಿಟಾರ್ ಹಿಡಿದು ಕೂರುವವರು, ಎಲ್ಲರೂ ನಿಮ್ಮ ಹಾಗೆ ಬಾಡಿಗೆ ಕೊಟ್ಟೇ ಇರುವವರು. ಥ್ಯಾಂಕ್ಸ್‌ಗಿವಿಂಗ್ ದಿನ ನೂರಾರು ಜನಕ್ಕೆ ಊಟ ಬಡಿಸುವವರೂ ಅವರೇ. ಊರಿನ ಜಾತ್ರೆಗೆ ಮನೆಗೊಬ್ಬರಂತೆ ಬಂದು ಚಪ್ಪರ ಹಾಕುತ್ತಿದ್ದುದು ನಿಮಗೆ ನೆನಪಿರಬಹುದು. ಇದೂ ಹಾಗೆಯೇ, ಜಾತ್ರೆ ಮಾತ್ರ ಐದು ತಿಂಗಳದು.

ಇದರಲ್ಲಿ ಕಡ್ಡಾಯ ಎಂಬುದಿಲ್ಲ. ಬಾಡಿಗೆ ಕರಾರಿನಲ್ಲಿ ಸ್ವಯಂಸೇವೆಯ ಷರತ್ತು ಬರೆದಿರುವ ಪಾರ್ಕನ್ನು ನಾನು ನೋಡಿಲ್ಲ. ಇಡೀ ಚಳಿಗಾಲ ಪುಸ್ತಕ ಓದಿಕೊಂಡು, ಸಂಜೆ ವಾಕ್ ಮಾಡಿಕೊಂಡು ಇರುವವರೂ ಬೇಕಾದಷ್ಟಿದ್ದಾರೆ, ಅವರನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಆದರೂ ನಿಮ್ಮಂಥ ಕಾರು ಉದ್ಯಮದವರನ್ನು ಕಂಡರೆ ಕೆಲಸ ಹುಡುಕಿಕೊಂಡು ಬರುತ್ತದೆ. ಮೊದಲ ವರ್ಷವೇ ಮೂರು ಸಮಿತಿ ಸೇರಿ, ಫೆಬ್ರವರಿ ಹೊತ್ತಿಗೆ ಬೇಸತ್ತು, ಮತ್ತೆಂದೂ ಬರದೇ ಹೋದವರನ್ನು ನಾನು ಬಲ್ಲೆ. ಒಂದೇ ಕೆಲಸ ಒಪ್ಪಿಕೊಳ್ಳಿ, ವಾರಕ್ಕೆ ಎರಡು ಮೂರು ಗಂಟೆ ಹಿಡಿಯುವಂಥದ್ದು, ಅದೂ ಬಂದ ಎರಡನೇ ತಿಂಗಳಲ್ಲಿ. ಹೊಸಬರು ಮೊದಲ ವಾರವೇ "ನಮ್ಮಲ್ಲಿ ಹೀಗೆ ಮಾಡ್ತೀವಿ" ಎಂದು ಶುರುಮಾಡಿದರೆ ಹಳಬರಿಗೆ ಚುಚ್ಚುತ್ತದೆ. ಹದಿನೈದು ವರ್ಷದಿಂದ ಅದೇ ಕಾಫಿ ಪಾತ್ರೆ ತೊಳೆಯುತ್ತಿರುವವರಿಗೆ ಅದು ಬರೀ ಪಾತ್ರೆಯಲ್ಲ.

ಇನ್ನು ಆ 600 ಡಾಲರ್. ಲೆಕ್ಕ ಹಾಕೋಣ. ಇಬ್ಬರೂ ಸೇರಿ ವಾರಕ್ಕೆ 40 ಗಂಟೆ ಎಂದರೆ ತಿಂಗಳಿಗೆ ಸರಾಸರಿ 173 ಗಂಟೆ. ಅಷ್ಟಕ್ಕೆ 600 ಡಾಲರ್ ಬಾಡಿಗೆ ಮಾಫಿಯಾದರೆ ಗಂಟೆಗೆ ಮೂರೂವರೆ ಡಾಲರೂ ಬೀಳುವುದಿಲ್ಲ. ಅಮೆರಿಕದ ಕೇಂದ್ರ ಸರ್ಕಾರ 2009ರಲ್ಲಿ ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಟೆಕ್ಸಾಸ್‌ನಲ್ಲಿ ನಡೆಯುವುದೂ ಅದೇ. ಆ ದರದಲ್ಲಿ ನಿಮ್ಮ ದುಡಿಮೆಯ ಬೆಲೆ ತಿಂಗಳಿಗೆ 1,250 ಡಾಲರ್ ದಾಟುತ್ತದೆ. ಇಷ್ಟರ ಮಟ್ಟಿಗೆ ನಿಮ್ಮ ಮಗಳ ಮಾತು ಸರಿ.

ಹಣಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಲಾಭಕ್ಕಾಗಿ ನಡೆಯುವ ಖಾಸಗಿ ವ್ಯಾಪಾರಕ್ಕೆ "ವಾಲಂಟಿಯರ್" ಆಗುವುದನ್ನು ಅಮೆರಿಕದ ಕಾರ್ಮಿಕ ಕಾನೂನು ಒಪ್ಪುವುದಿಲ್ಲ. ಆಫೀಸಿನಲ್ಲಿ ಕೂತು ಬುಕಿಂಗ್ ಬರೆದುಕೊಂಡು, ಅದಕ್ಕೆ ಬದಲಾಗಿ ಜಾಗ ಪಡೆದರೆ ಅದು ನೌಕರಿ. ಹೆಸರು ಏನೇ ಇಡಲಿ, ಸಿಕ್ಕ ಬಾಡಿಗೆಯ ಬೆಲೆ ಸಾಮಾನ್ಯವಾಗಿ ಆದಾಯವೆಂದೇ ಎಣಿಕೆಯಾಗುತ್ತದೆ, ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ನೌಕರಿ ಎಂದು ಬರೆದುಕೊಡದೆ ದುಡಿದರೆ ಏಟು ಬಿದ್ದಾಗ ಕಷ್ಟ. ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡುವ ವಿಮೆಯನ್ನು ಖಾಸಗಿ ಮಾಲೀಕರು ಮಾಡಿಸಲೇಬೇಕೆಂಬ ಕಡ್ಡಾಯ ಟೆಕ್ಸಾಸ್‌ನಲ್ಲಿಲ್ಲ. ಹಾಲ್‌ನ ದೀಪ ಬದಲಿಸಲು ಏಣಿ ಹತ್ತಿ, ಬಿದ್ದು ಸೊಂಟ ಮುರಿದುಕೊಂಡ ಎಪ್ಪತ್ತರ ಹಿರಿಯರೊಬ್ಬರ ಹಾಸಿಗೆಯ ಪಕ್ಕ ನಾನು ಕೂತಿದ್ದೇನೆ. "ನಾನು ವಾಲಂಟಿಯರ್ ಅಷ್ಟೇ" ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಮಾತು ಅವರ ಯಾವ ನೆರವಿಗೂ ಬರಲಿಲ್ಲ.

ಹಾಗೆಂದು ಕೆಲಸಕ್ಕೆ ಬದಲು ಜಾಗ ಪಡೆಯುವ ಪದ್ಧತಿಯೇ ಕೆಟ್ಟದ್ದೆಂದಲ್ಲ. ವರ್ಕ್‌ಕ್ಯಾಂಪಿಂಗ್ ಎಂಬ ಹೆಸರಿನಲ್ಲಿ ಎಷ್ಟೋ ದಂಪತಿಗಳು ಇದರಿಂದಲೇ ವರ್ಷವಿಡೀ ಊರೂರು ಸುತ್ತುತ್ತಾರೆ. ನಿಮಗೆ ಇಷ್ಟವಿದ್ದರೆ ಗಂಟೆ, ದರ, ವಾರದ ರಜೆ, ಗಾಯವಾದರೆ ಯಾರು ಹೊಣೆ, ನಡುವೆ ಬಿಟ್ಟರೆ ಬಾಡಿಗೆ ಎಷ್ಟು ಎಂಬುದನ್ನೆಲ್ಲ ಕಾಗದದಲ್ಲಿ ಕೇಳಿ. ಮ್ಯಾನೇಜರ್ ಬರೆದುಕೊಡಲು ಹಿಂಜರಿದರೆ ನಗುತ್ತಲೇ ಬೇಡವೆನ್ನಿ, ಪೂರ್ತಿ ಬಾಡಿಗೆ ಕೊಟ್ಟು ನೆಮ್ಮದಿಯಾಗಿರಿ. ನಿವಾಸಿಗಳೇ ಸಂಘ ಕಟ್ಟಿಕೊಂಡು ಕೊಂಡಿರುವ ಪಾರ್ಕುಗಳ ಮಾತು ಬೇರೆ. ಅಲ್ಲಿ ದುಡಿಮೆ ನಿಮ್ಮದೇ ಸಂಘಕ್ಕೆ ಸಲ್ಲುತ್ತದೆ.

ದಿನಕ್ಕೆ ನಾಲ್ಕು ಗಂಟೆ ಮೈಮುರಿದು ದುಡಿಯುವ ಆಸೆಯೇ ಇದ್ದರೆ ಅಲ್ಲೇ ಹತ್ತಿರದಲ್ಲಿ ಅದಕ್ಕಿಂತ ಒಳ್ಳೆಯ ದಾರಿಗಳಿವೆ. ಮಿಷನ್‌ನಿಂದ ಅರ್ಧ ಗಂಟೆಯ ಹಾದಿಯಲ್ಲಿ ಸಾಂಟಾ ಆನಾ ವನ್ಯಜೀವಿ ಧಾಮವಿದೆ. 1943ರಲ್ಲಿ ಸ್ಥಾಪನೆಯಾದದ್ದು, 2,088 ಎಕರೆ. ಹಸಿರು ಮೈ, ನೀಲಿ ತಲೆಯ ಗ್ರೀನ್ ಜೇ ಹಕ್ಕಿ ಅಮೆರಿಕದಲ್ಲಿ ಕಾಣಸಿಗುವುದು ಈ ದಕ್ಷಿಣ ಟೆಕ್ಸಾಸಿನಲ್ಲಿ ಮಾತ್ರ. ಅದನ್ನು ನೋಡಲೆಂದೇ ಜನ ದೇಶದ ಮೂಲೆ ಮೂಲೆಯಿಂದ ಬರುತ್ತಾರೆ. ಇಂಥ ಸರ್ಕಾರಿ ವನ್ಯಧಾಮಗಳು, ರಾಷ್ಟ್ರೀಯ ಉದ್ಯಾನಗಳು ಆರ್‌ವಿಯಲ್ಲಿ ಬರುವ ಸ್ವಯಂಸೇವಕರಿಗೆ ವಾರಕ್ಕೆ ಇಂತಿಷ್ಟು ಗಂಟೆಯ ಕೆಲಸಕ್ಕೆ ಬದಲು ಜಾಗ, ನೀರು, ಕರೆಂಟು ಕೊಡುತ್ತವೆ. ಅಲ್ಲಿ ಸ್ವಯಂಸೇವೆ ಕಾನೂನುಬದ್ಧ, ಕೆಲಸದಲ್ಲಿ ಗಾಯವಾದರೆ ಕೇಂದ್ರ ಸರ್ಕಾರದ ಪರಿಹಾರ ವ್ಯವಸ್ಥೆಯೂ ಇದೆ. ಆದರೆ ಕೆಲವು ತಿಂಗಳ ಬದ್ಧತೆ ಕೇಳುತ್ತಾರೆ, ಜಾಗಗಳು ಬೇಗ ತುಂಬುತ್ತವೆ, ಪಾರ್ಕಿನ ಕುಣಿತ, ಊಟ ಅಲ್ಲಿಲ್ಲ. ಸಂಜೆ ಗೇಟು ಮುಚ್ಚಿದ ಮೇಲೆ ನೀವೂ ಕಾಡೂ ಅಷ್ಟೇ.

ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆ ಬಡವರಿಗೆ ಮನೆ ಕಟ್ಟುತ್ತದೆ. ಆರ್‌ವಿಯವರಿಗೆಂದೇ ಅವರ ಕೇರ್-ಎ-ವ್ಯಾನರ್ಸ್ ಎಂಬ ತಂಡಗಳಿವೆ. ಒಂದೊಂದು ಊರಿನಲ್ಲಿ ಸಾಮಾನ್ಯವಾಗಿ ಎರಡು ವಾರದ ಕೆಲಸ. ಸುತ್ತಿಗೆ ಹಿಡಿದು ಅನುಭವವಿಲ್ಲದಿದ್ದರೂ ಕಲಿಸುತ್ತಾರೆ. ಲೆಕ್ಕಪತ್ರದಲ್ಲಿ ಕೈ ಪಳಗಿದ್ದರೆ ಹಿರಿಯರ ಸಂಘಟನೆಯಾದ ಎಎಆರ್‌ಪಿಯ ಪ್ರತಿಷ್ಠಾನದ ಟ್ಯಾಕ್ಸ್-ಏಡ್ ಇದೆ. 1968ರಿಂದ ನಡೆದು ಬಂದ ಕೆಲಸ ಇದು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉಚಿತವಾಗಿ ಆದಾಯ ತೆರಿಗೆ ಅರ್ಜಿ ತುಂಬಿಕೊಡುತ್ತಾರೆ. ತೆರಿಗೆ ಇಲಾಖೆಯ ಪರೀಕ್ಷೆ ಪಾಸು ಮಾಡಬೇಕು. ಮಿಷನ್ ಇರುವ ಹಿಡಾಲ್ಗೊ ಕೌಂಟಿ, ಅಂದರೆ ಜಿಲ್ಲೆ, ದೇಶದ ಬಡ ಕೌಂಟಿಗಳಲ್ಲಿ ಒಂದು, ಸ್ಪ್ಯಾನಿಷ್ ಮಾತಾಡುವವರ ನಾಡು. ಚಳಿಗಾಲಕ್ಕೆ ಬರುವ ಅನೇಕರು ಪಾರ್ಕಿನ ಗೇಟಿನೊಳಗೇ ಐದು ತಿಂಗಳು ಕಳೆದು ಹೋಗುತ್ತಾರೆ. ಅಲ್ಲಿನ ಜನರ ಆಸ್ಪತ್ರೆಯಲ್ಲಿ ದುಡಿದ ನನಗೆ ಅದು ನೋವಿನ ಸಂಗತಿ. ವಾರಕ್ಕೊಂದು ದಿನವಾದರೂ ಗೇಟಿನಾಚೆ ನಿಮ್ಮ ಕೈ ಹೋಗಲಿ ಎಂಬುದು ನನ್ನ ಕಳಕಳಿಯ ಕೋರಿಕೆ.

ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ. ಅಲ್ಲಿಗೆ ಬರುವವರು ಹೆಚ್ಚಾಗಿ ಅಯೋವ, ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯ ಬಿಳಿಯರು, ಜೊತೆಗೆ ಕೆನಡಾದವರು. ರೈತರು, ಶಾಲಾ ಮೇಷ್ಟರು, ಲಾರಿ ಓಡಿಸಿದವರು. ಜನಾಂಗ, ಧರ್ಮ, ಮೂಲದೇಶ ನೋಡಿ ಜಾಗ ನಿರಾಕರಿಸುವುದು ಕಾನೂನಿಗೆ ವಿರುದ್ಧ. ವಯಸ್ಸಿನ ಮಿತಿಗೆ ಮಾತ್ರ ವಿನಾಯಿತಿಯಿದೆ: 1995ರ ಕಾಯ್ದೆಯಂತೆ ಕನಿಷ್ಠ ನೂರಕ್ಕೆ 80 ಮನೆಗಳಲ್ಲಿ 55 ತುಂಬಿದವರೊಬ್ಬರಾದರೂ ಇದ್ದರೆ ಹಿರಿಯರ ವಸತಿ ಎಂದು ನಡೆಸಬಹುದು. ನನ್ನ ಅನುಭವದಲ್ಲಿ ಕಂಡದ್ದು ಹಗೆಗಿಂತ ಕುತೂಹಲವೇ ಹೆಚ್ಚು. ಸಲ್ಲದ ಮಾತೂ ಕಿವಿಗೆ ಬೀಳುತ್ತದೆ, ಚುನಾವಣೆಯ ವರ್ಷದಲ್ಲಿ ಕಾಫಿ ಮೇಜು ಬಿಸಿಯಾಗುತ್ತದೆ. ಊಟಕ್ಕೆ ಮುನ್ನ ಪ್ರಾರ್ಥನೆ ಇರುತ್ತದೆ, ಭಾನುವಾರ ಅದೇ ಹಾಲ್‌ನಲ್ಲಿ ಚರ್ಚಿನ ಪೂಜೆ ನಡೆಯುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ ಸುಮ್ಮನೆ ನಿಂತರೆ ಸಾಕು. ಆದರೆ ನಿಮ್ಮ ಭಾಷೆಯಲ್ಲಿ ನಗುವವರು, ನಿಮ್ಮ ಹಾಡು ಗೊತ್ತಿರುವವರು ಅಲ್ಲಿ ಸಿಗುವುದು ಕಷ್ಟ, ಆ ಕೊರತೆ ಯಾವ ಸಮಿತಿಗೆ ಸೇರಿದರೂ ತುಂಬುವುದಿಲ್ಲ. ನಿಮ್ಮ ಮನೆಯವರಿಗೆ ಇದು ನಿಮಗಿಂತ ಹೆಚ್ಚು ಕಾಡಬಹುದು. ಇದನ್ನು ಅವರ ಹತ್ತಿರ ಕೇಳಿಯೇ ತಿಂಗಳ ಲೆಕ್ಕ ಹಾಕಿ.

ಸಸ್ಯಾಹಾರದ ಸಮಸ್ಯೆ ಅಷ್ಟು ದೊಡ್ಡದಲ್ಲ. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟದಲ್ಲಿ ಕಣ್ಣಿಗೆ ಸಸ್ಯಾಹಾರವೆಂದು ಕಾಣುವುದೆಲ್ಲ ಹಾಗಿರುವುದಿಲ್ಲ. ಅರೆದು ಹುರಿದ ಬೀನ್ಸ್‌ಗೆ ಹಂದಿಯ ಕೊಬ್ಬು, ಕೆಂಪನ್ನಕ್ಕೆ ಕೋಳಿಯ ಸಾರು, ಜೆಲ್ಲೊಗೆ ಪ್ರಾಣಿಮೂಲದ ಜೆಲಟಿನ್ ಹಾಕಿರುತ್ತಾರೆ. ಕೇಳಿ ಬಡಿಸಿಕೊಳ್ಳಿ, ಯಾರೂ ತಪ್ಪು ತಿಳಿಯುವುದಿಲ್ಲ. ನೀವು ಚಿತ್ರಾನ್ನ ಒಯ್ದರೆ ಪಾತ್ರೆ ಖಾಲಿಯಾಗಿ ಬರುತ್ತದೆ, ಮೆಣಸಿನಕಾಯಿ ಮಾತ್ರ ಕಮ್ಮಿ ಇರಲಿ. ಊರಿನ ಅಂಗಡಿಗಳಲ್ಲಿ ಹುಣಸೆಹಣ್ಣು, ಸೀಬೆ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಮಿಷಿಗನ್ನಿಗಿಂತ ತಾಜಾ ಸಿಗುತ್ತವೆ. ಜನವರಿಯಲ್ಲಿ ನೆರೆಯವರು ಚೀಲಗಟ್ಟಲೆ ಗ್ರೇಪ್‌ಫ್ರೂಟ್, ಅದೇ ಚಕ್ಕೋತದಂಥ ಹಣ್ಣು, ತಂದುಕೊಡುತ್ತಾರೆ. ಕೊಲೆಸ್ಟರಾಲ್ ಇಳಿಸುವ ಕೆಲವು ಮಾತ್ರೆಗಳ ಜೊತೆ ಆ ಹಣ್ಣು ಆಗಿಬರುವುದಿಲ್ಲ. ತಿನ್ನುವ ಮುಂಚೆ ಔಷಧದಂಗಡಿಯವರನ್ನು ಕೇಳಿ.

ಈಗ ಕಾಯಿಲೆಯ ವಿಚಾರ, ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು. ಪಾರ್ಕು ವೃದ್ಧಾಶ್ರಮವಲ್ಲ. ಅಲ್ಲಿ ನರ್ಸ್ ಇಲ್ಲ, ನಿಮ್ಮನ್ನು ನೋಡಿಕೊಳ್ಳುವ ಹೊಣೆ ಮ್ಯಾನೇಜರಿಗಿಲ್ಲ. ನೆರೆಯವರ ಪ್ರೀತಿ ಎರಡು ವಾರಕ್ಕೆ ಸಾಕಾಗುತ್ತದೆ, ಮೂರು ತಿಂಗಳಿಗಲ್ಲ, ಯಾಕೆಂದರೆ ಅವರಿಗೂ ಎಂಬತ್ತು. ಮಂಡಿ ಆಪರೇಷನ್ ಆದವರನ್ನು ಫಿಫ್ತ್ ವೀಲ್‌ಗೆ ಕಳಿಸುವಾಗ ನನ್ನ ಜೀವ ಹಿಡಿಯಾಗುತ್ತಿತ್ತು. ಬಾಗಿಲಿಗೆ ಮೂರು ನಾಲ್ಕು ಮೆಟ್ಟಿಲು, ಮಲಗುವ ಜಾಗಕ್ಕೆ ಮತ್ತೆರಡು ಮೂರು, ಬಚ್ಚಲಿನ ಬಾಗಿಲಲ್ಲಿ ವಾಕರ್ ತೂರುವುದಿಲ್ಲ.

ವಿಮೆಯ ಕಾಗದ ಈಗಲೇ ತೆಗೆದು ನೋಡಿ. ನಿಮ್ಮದು ಮೂಲ ಮೆಡಿಕೇರ್, ಅಂದರೆ 65 ತುಂಬಿದವರಿಗೆ ಕೇಂದ್ರ ಸರ್ಕಾರವೇ ಕೊಡುವ ಆರೋಗ್ಯ ವಿಮೆ, ಆಗಿದ್ದರೆ ಅದನ್ನು ಒಪ್ಪುವ ವೈದ್ಯರು ದೇಶದಲ್ಲಿ ಎಲ್ಲಿದ್ದರೂ ನಡೆಯುತ್ತದೆ. ಖಾಸಗಿ ಕಂಪನಿ ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ನ ಎಚ್‌ಎಂಒ, ಅಂದರೆ ಗೊತ್ತಾದ ವೈದ್ಯರ ಪಟ್ಟಿಗಷ್ಟೇ ನಡೆಯುವ ಯೋಜನೆ, ಆಗಿದ್ದರೆ ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ತುರ್ತು ಚಿಕಿತ್ಸೆಗೆ ಮಾತ್ರ. ಆರು ತಿಂಗಳಿಗಿಂತ ಹೆಚ್ಚು ಕಾಲ ಸತತವಾಗಿ ಆ ಯೋಜನೆಯ ಪ್ರದೇಶದಿಂದ ಹೊರಗಿದ್ದರೆ ಸದಸ್ಯತ್ವವೇ ಹೋಗಬಹುದು. ನಿಮ್ಮ ಮನೆಯವರಿಗೆ ಇನ್ನೂ 63, ಮೆಡಿಕೇರ್ ಇಲ್ಲ. ಅವರ ವಿಮೆ ಮಿಷಿಗನ್ನಿನ ಆಸ್ಪತ್ರೆಗಳಿಗಷ್ಟೇ ಸೀಮಿತವಿದ್ದರೆ ಅದೇ ನಿಮ್ಮ ದೊಡ್ಡ ಅಪಾಯ. ಇನ್ನೊಂದು, ಹಲ್ಲಿನ ಚಿಕಿತ್ಸೆಗೆ ಪಾರ್ಕಿನವರೆಲ್ಲ ಸೇತುವೆ ದಾಟಿ ಮೆಕ್ಸಿಕೋದ ನುಯೆವೊ ಪ್ರೊಗ್ರೆಸೊಗೆ ಹೋಗುತ್ತಾರೆ. ಅಗ್ಗವೇನೋ ಹೌದು, ಆದರೆ ಮೆಡಿಕೇರ್ ಅಲ್ಲಿ ನಡೆಯುವುದಿಲ್ಲ.

ಇಬ್ಬರ ಕಾಯಿಲೆ, ಮಾತ್ರೆ, ಮಗಳ ಫೋನ್ ನಂಬರು ಬರೆದ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಆಂಬುಲೆನ್ಸ್‌ನವರು ಮೊದಲು ನೋಡುವ ಜಾಗಗಳಲ್ಲಿ ಅದೂ ಒಂದು. 911ಕ್ಕೆ ಕರೆ ಮಾಡುವಾಗ ಪಾರ್ಕಿನ ವಿಳಾಸದ ಜೊತೆ ಲಾಟ್ ನಂಬರು, ಗೇಟಿನ ಕೋಡು ಹೇಳಬೇಕು. ಗಾಬರಿಯಲ್ಲಿ ಮರೆಯುತ್ತದೆ, ಅದನ್ನೂ ಬರೆದಿಡಿ. ನಿಮ್ಮ ಪರವಾಗಿ ಚಿಕಿತ್ಸೆಯ ನಿರ್ಧಾರ ಯಾರು ಮಾಡಬೇಕೆಂದು ಮಿಷಿಗನ್ನಿನಲ್ಲಿ ಬರೆಸಿದ ಪತ್ರವಿದ್ದರೆ ಅದರ ಪ್ರತಿ ಟ್ರೇಲರಿನಲ್ಲಿರಲಿ, ಟೆಕ್ಸಾಸ್ ಅದನ್ನು ಮಾನ್ಯ ಮಾಡುತ್ತದೆ. ಹೊಗೆ ಸೂಚಕದ ಜೊತೆ ಕಾರ್ಬನ್ ಮಾನಾಕ್ಸೈಡ್ ಸೂಚಕವೂ ನಡೆಯುತ್ತಿದೆಯೇ ನೋಡಿಕೊಳ್ಳಿ. 2021ರ ಫೆಬ್ರವರಿಯಲ್ಲಿ ಈ ಬೆಚ್ಚನೆಯ ನಾಡೂ ಹೆಪ್ಪುಗಟ್ಟಿ, ಟೆಕ್ಸಾಸ್‌ನಲ್ಲಿ ದಿನಗಟ್ಟಲೆ ಕರೆಂಟು ಹೋಗಿತ್ತು.

ಇನ್ನೊಂದನ್ನು ಯಾರೂ ಮುಂಚೆ ಹೇಳುವುದಿಲ್ಲ, ಹೇಳಲೇಬೇಕು. ನೀವು ಹಾಸಿಗೆ ಹಿಡಿದರೆ ಆ ಟ್ರೇಲರನ್ನು 1,700 ಮೈಲಿ ಎಳೆದುಕೊಂಡು ಹೋಗುವವರು ಯಾರು? ಗಂಡ ತೀರಿಕೊಂಡ ಮೇಲೆ, ಗಾಡಿ ಓಡಿಸಲು ಬಾರದೆ, ಮಾರ್ಚ್ ಕೊನೆಗೆ ಖಾಲಿಯಾಗುತ್ತಿರುವ ಪಾರ್ಕಿನಲ್ಲಿ ಒಬ್ಬರೇ ಕೂತಿದ್ದ ಅಮ್ಮನವರನ್ನು ನಾನು ನೋಡಿದ್ದೇನೆ. ಈ ಬೇಸಿಗೆಯಲ್ಲಿ ನಿಮ್ಮ ಮನೆಯವರೂ ಆ ಟ್ರಕ್ ಓಡಿಸಿ, ಟ್ರೇಲರ್ ಕೊಕ್ಕೆ ಹಾಕಿ ಬಿಚ್ಚಿ ಕಲಿಯಲಿ. ಅವರಿಗೆ ಬೇಡವೆನಿಸಿದರೆ ಟ್ರೇಲರನ್ನು ಪಾರ್ಕಿನಲ್ಲೇ ಬೇಸಿಗೆಗೂ ನಿಲ್ಲಿಸಿ ವಿಮಾನದಲ್ಲಿ ಓಡಾಡುವುದು ಒಂದು ದಾರಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ವಿಮೆ ಅದಕ್ಕೆ ತಕ್ಕಂತಿರಬೇಕು.

ನಮ್ಮವರಿಗೆ ಇನ್ನೊಬ್ಬರಿಗೆ ಸಹಾಯ ಮಾಡುವುದು ಸುಲಭ, ತಮಗಾಗಿ ಕೇಳುವುದು ಕಷ್ಟ. ನಮ್ಮ ಕಡೆಯ ಹಿರಿಯರಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಎಲ್ಲರಿಗೂ ಊಟ ಒಯ್ದುಕೊಟ್ಟವರು ತಮಗೆ ಜ್ವರ ಬಂದಾಗ ಬಾಗಿಲು ಹಾಕಿಕೊಂಡು ಮಲಗುತ್ತಾರೆ, "ಯಾಕೆ ಅವರಿಗೆ ತೊಂದರೆ" ಎನ್ನುತ್ತಾರೆ. ಬಂದ ಮೊದಲ ತಿಂಗಳೇ ಪಕ್ಕದವರ ಹತ್ತಿರ ಒಂದು ಚಿಕ್ಕ ನೆರವು ಕೇಳಿ, ಒಂದು ಸ್ಪ್ಯಾನರ್ ಆದರೂ ಸರಿ, ಅಂಗಡಿಗೆ ಲಿಫ್ಟ್ ಆದರೂ ಸರಿ. ಆಮೇಲೆ ದೊಡ್ಡದು ಕೇಳಲು ಬಾಯಿ ಬರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಆರು ತಿಂಗಳು ಹೋಗುತ್ತಿರಲಿಲ್ಲ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಮೂರು ತಿಂಗಳು, ಪೂರ್ತಿ ಬಾಡಿಗೆ, ಪಾರ್ಕಿನಲ್ಲಿ ಒಂದು ಕೆಲಸ, ಊರಿನಲ್ಲಿ ವಾರಕ್ಕೊಂದು ದಿನ. ವನ್ಯಧಾಮದ ಕೆಲಸ ಹಿಡಿಸಿದರೆ ಅದರ ಮುಂದಿನ ವರ್ಷಕ್ಕೆ ಈಗಲೇ ವಿಚಾರಿಸಿಡಬಹುದು.

ನಿಮ್ಮ ಮನೆಯವರ ಅಕ್ಕ ಬರಲಿ. ಹೆಚ್ಚುವರಿ ಅತಿಥಿ ಎಷ್ಟು ದಿನ ಇರಬಹುದು, ದಿನಕ್ಕೆ ಶುಲ್ಕವೆಷ್ಟು ಎಂದು ಪಾರ್ಕಿನಿಂದ ಬರಹದಲ್ಲಿ ಪಡೆಯಿರಿ. ಅವರು ಪಾಟ್‌ಲಕ್‌ಗೆ ಅಡುಗೆ ಮಾಡಲಿ, ಕೌದಿ ಹೊಲಿಯಲಿ, ನೆರೆಯವರಿಗೆ ರಂಗೋಲಿ ಹೇಳಿಕೊಡಲಿ, ಇದರಲ್ಲಿ ತೊಂದರೆಯಿಲ್ಲ. ಬಾಡಿಗೆಗೆ ಬದಲಾದ ಆಫೀಸು, ಹಾಲ್ ಕೆಲಸದಲ್ಲಿ ಮಾತ್ರ ಅವರ ಕೈ ಒಂದು ಗಂಟೆಯೂ ಬೀಳಬಾರದು. ವಿಸಿಟರ್ ವೀಸಾದವರಿಗೆ ಅದು ಅನುಮತಿಯಿಲ್ಲದ ನೌಕರಿಯಾಗುತ್ತದೆ, ಮುಂದೆ ವೀಸಾಕ್ಕೇ ಕುತ್ತು. ವ್ಯಾಲಿಯಿಂದ ಉತ್ತರಕ್ಕೆ ಹೊರಟರೆ ಹೆದ್ದಾರಿ 281ರಲ್ಲಿ ಫಾಲ್ಫುರಿಯಸ್ ಬಳಿ, 77ರಲ್ಲಿ ಸರೀಟ ಬಳಿ ಗಡಿ ಪೊಲೀಸರ ತಪಾಸಣೆ ಇರುತ್ತದೆ. ಗಾಡಿಯಲ್ಲಿದ್ದವರೆಲ್ಲರ ಪೌರತ್ವ ಕೇಳುತ್ತಾರೆ. ಅಕ್ಕನವರ ಪಾಸ್‌ಪೋರ್ಟ್ ಮತ್ತು ಅವರು ದೇಶದೊಳಗೆ ಬಂದ ದಾಖಲೆಯಾದ ಐ-94ರ ಮುದ್ರಿತ ಪ್ರತಿ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಲ್ಲ. ಮೆಕ್ಸಿಕೋ ಸೇತುವೆ ದಾಟುವ ಆಸೆಯನ್ನು ಅವರು ಈ ಸಲ ಬಿಟ್ಟರೆ ಒಳ್ಳೆಯದು.

ಎಳ್ಳನ್ನು ಧಾರಾಳವಾಗಿ ಬೀರಬಹುದು. ಸಂಕ್ರಾಂತಿ ಬರುವ ಹೊತ್ತಿಗೆ ಪಾರ್ಕ್ ತುಂಬಿರುತ್ತದೆ. ಮೆಕ್ಸಿಕನ್ ಅಂಗಡಿಯಲ್ಲಿ ಪಿಲೋನ್ಸಿಯೊ ಎಂದು ಕೇಳಿ, ಅದು ನಮ್ಮ ಅಚ್ಚು ಬೆಲ್ಲವೇ. ಎಳ್ಳಿಗೆ ಅಹೊನ್ಹೊಲಿ ಎನ್ನುತ್ತಾರೆ. ಕಡಲೆಕಾಯಿ ಬೀಜವೂ ಅಲ್ಲೇ ಸಿಗುತ್ತದೆ. ಕೊಬ್ಬರಿ, ಹುರಿಗಡಲೆ, ಸಕ್ಕರೆ ಅಚ್ಚನ್ನು ಮಾತ್ರ ಮಿಷಿಗನ್ನಿನಿಂದ ಒಯ್ಯಿರಿ. ಪುಟ್ಟ ಪೊಟ್ಟಣಗಳಿಗೆ ಒಂದೊಂದು ಚೀಟಿ ಅಂಟಿಸಿ, ಒಳಗೆ ಕಡಲೆಕಾಯಿಯೂ ಎಳ್ಳೂ ಇದೆ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಕೆಲವರಿಗೆ ಅವೆರಡೂ ಆಗುವುದಿಲ್ಲ.